ಬರಗಾಲದ ವರ್ಷದಲ್ಲಿ ಭೂಮಿ ಹುಣ್ಣಿಮೆ

ಮಾನ್ಯರೇ,

ಕೃತಜ್ಞತೆಯ ಹಬ್ಬವೊಂದರ ಕುರಿತು ಮಾತನಾಡಬೇಕೆಂದು ತಾವು ಕೇಳಿಕೊಂಡಾಗ ನನ್ನ ನೆನಪು ನೇರವಾಗಿ ಹೋದದ್ದು 2023ರ ಅಕ್ಟೋಬರ್ 28ರ ಬೆಳಗಿನ ಜಾವಕ್ಕೆ. ಅಂದು ಆಶ್ವಯುಜ ಮಾಸದ ಹುಣ್ಣಿಮೆ. ಬಯಲುಸೀಮೆಯವರು ಸೀಗೆ ಹುಣ್ಣಿಮೆ ಎಂದೂ ಶಿವಮೊಗ್ಗ, ಉತ್ತರ ಕನ್ನಡದ ಮಲೆನಾಡಿನವರು ಭೂಮಿ ಹುಣ್ಣಿಮೆ ಎಂದೂ ಕರೆಯುವ ಹಬ್ಬ. ಅದಕ್ಕೆ ಆರು ವಾರ ಮೊದಲು, ಸೆಪ್ಟೆಂಬರ್ 13ರಂದು, ರಾಜ್ಯ ಸರ್ಕಾರವು 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತ್ತು. ಮುಂದೆ ಆ ಪಟ್ಟಿ ಬೆಳೆಯುತ್ತ ಹೋಗಿ 236 ತಾಲ್ಲೂಕುಗಳ ಪೈಕಿ 223ನ್ನು ಒಳಗೊಂಡಿತು. ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಜುಲೈನಲ್ಲಿ ಒಂದಿಷ್ಟು ಮಳೆ ಸುರಿದು ಜನ ನಾಟಿ ಮುಗಿಸಿಕೊಂಡರೆಂಬಷ್ಟರಲ್ಲಿ ಆಗಸ್ಟ್ ಕೈಕೊಟ್ಟಿತು. ಇಡೀ ದೇಶಕ್ಕೇ ಅದು 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು. ಅಂಥ ವರ್ಷದಲ್ಲಿ ಭೂಮಿಗೆ ಉಪಕಾರ ಹೇಳುವುದೆಂದರೆ ಏನು ಎಂಬುದಷ್ಟೇ ಇಂದಿನ ನನ್ನ ವಿಷಯ.

ಮೊದಲಿಗೆ ಈ ಹಬ್ಬ ಬರುವ ಹೊತ್ತನ್ನು ಗಮನಿಸಬೇಕು. ಫಸಲಿಗಾಗಿ ಕೃತಜ್ಞತೆ ಸಲ್ಲಿಸುವ ಹಬ್ಬಗಳು ಸಾಮಾನ್ಯವಾಗಿ ಕಾಳು ಕೈಗೆ ಬಂದಾಗಲೋ ಬಂದ ಮೇಲೋ ನಡೆಯುತ್ತವೆ. ನಮ್ಮ ಸಂಕ್ರಾಂತಿ ಸುಗ್ಗಿಯ ಹಬ್ಬ, ಕೊಡಗಿನ ಪುತ್ತರಿ ಹೊಸ ಭತ್ತದ ಹಬ್ಬ, ಅಮೆರಿಕನ್ನರು ನವೆಂಬರಿನಲ್ಲಿ ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ಕೂಡ ಕೊಯ್ಲು ಮುಗಿದ ಮೇಲಿನದು. ಭೂಮಿ ಹುಣ್ಣಿಮೆ ಹಾಗಲ್ಲ. ಅದು ಬರುವಾಗ ಗದ್ದೆಯಲ್ಲಿ ಭತ್ತ ಇನ್ನೂ ಹೊಡೆಯಲ್ಲಿರುತ್ತದೆ, ಇಲ್ಲವೇ ಆಗಷ್ಟೇ ತೆನೆ ಹೊರಬಂದು ಹಾಲು ತುಂಬಿಕೊಳ್ಳುತ್ತಿರುತ್ತದೆ. ಇದನ್ನೇ ಜನ ಭೂಮಿತಾಯಿಯ ಬಸಿರೆಂದು ಕಂಡರು. ಚೊಚ್ಚಲ ಬಸುರಿಗೆ ತವರಿನವರು ಬಯಕೆಯ ಊಟ ಬಡಿಸುವಂತೆ ಗದ್ದೆಗೆ ಊಟ ಒಯ್ದರು. ಬೇಸಾಯ ಬಲ್ಲವರಿಗೆ ಇನ್ನೊಂದು ಮಾತೂ ಗೊತ್ತು: ಪೈರಿನ ಬಾಳಿನಲ್ಲಿ ಇದರಷ್ಟು ಸೂಕ್ಷ್ಮವಾದ ಹೊತ್ತು ಬೇರೊಂದಿಲ್ಲ. ಈಗ ನೀರು ತಪ್ಪಿದರೆ ತೆನೆ ಪೂರ್ತಿ ಹೊರಬರುವುದಿಲ್ಲ, ಬಂದರೂ ಕಾಳು ಕಟ್ಟದೆ ಜೊಳ್ಳಾಗುತ್ತದೆ. ಅಂದರೆ, ಏನು ಸಿಗುತ್ತದೆಂಬುದು ತಿಳಿಯುವ ಮೊದಲೇ, ಕಳೆದುಕೊಳ್ಳುವ ಭಯ ಹೆಚ್ಚಾಗಿರುವ ಗಳಿಗೆಯಲ್ಲೇ, ಇಲ್ಲಿ ಕೃತಜ್ಞತೆ ಸಲ್ಲುತ್ತದೆ. ಈ ಹಬ್ಬದ ತೂಕವೆಲ್ಲ ಇರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಸಾಗರ ಪಟ್ಟಣದಾಚೆಯ ನನ್ನ ದೊಡ್ಡಮ್ಮನ ಮನೆಯಲ್ಲಿ ಆ ವರ್ಷ ಹಬ್ಬದ ಹಿಂದಿನ ದಿನವೇ ನಾನಿದ್ದೆ. ಮಲೆನಾಡಿನ ದೀವರು ಸಮುದಾಯದ ಮನೆಗಳಲ್ಲಿ ಮಹಾನವಮಿಯ ಹೊತ್ತಿಗೆ ಬಿದಿರಿನ ಬುಟ್ಟಿಗಳು ಅಟ್ಟದಿಂದ ಇಳಿಯುತ್ತವೆ. ಅವುಗಳಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ, ಪುಂಡಿನಾರಿನ ಕುಂಚದಿಂದ ಹೆಂಗಸರು ಚಿತ್ತಾರ ಬರೆಯುತ್ತಾರೆ. ಗೆರೆ ಎಷ್ಟು ಸಣ್ಣದೆಂದರೆ ಉಸಿರು ಬಿಗಿಹಿಡಿದೇ ಎಳೆಯಬೇಕು. ಇದೇ ಭೂಮಣ್ಣಿ ಬುಟ್ಟಿ. ದೊಡ್ಡದು ಎಡೆಯ ಅಡುಗೆಗೆ, ಚಿಕ್ಕದು ಅಚ್ಚಂಬಲಿಗೆ. ಇಂದು ಈ ಬುಟ್ಟಿಗಳು ಪಟ್ಟಣದ ಕರಕುಶಲ ಮೇಳಗಳಲ್ಲಿ ಗೋಡೆಗೆ ನೇತುಬಿದ್ದಿರುವುದನ್ನು ತಾವು ನೋಡಿರಬಹುದು. ಕಲೆಯನ್ನು ಮೆಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ಊಟ ಹೊರುವ ಬುಟ್ಟಿ ಎಂಬುದು ಮರೆಯದಿದ್ದರೆ ಸಾಕು.

ಅಚ್ಚಂಬಲಿ ಎಂದರೆ ಬೆಟ್ಟದ, ಬೇಲಿಯ, ಹಿತ್ತಿಲ ಬಗೆಬಗೆಯ ಕುಡಿಗಳನ್ನು ಸೇರಿಸಿ ಬೇಯಿಸಿದ ಬೆರಕೆ ಸೊಪ್ಪಿನ ಅಡುಗೆ. ನೂರೊಂದು ಕುಡಿ ಎಂಬುದು ವಾಡಿಕೆಯ ಮಾತು. ಆ ಸಂಜೆ ದೊಡ್ಡಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು, ಮಡಿಲಲ್ಲಿದ್ದ ಕೆಸು, ಹಾಗಲ, ಹೀರೆ, ಕುಂಬಳ, ಒಂದೆಲಗಗಳ ಕುಡಿಗಳನ್ನು ಬಿಡಿಸುತ್ತಿದ್ದಳು. ಎಷ್ಟೋ ಎಲೆಗಳ ಅಂಚು ಒಣಗಿ ಸುರುಟಿಕೊಂಡಿತ್ತು; ಕರಕಲು ಭಾಗವನ್ನು ಉಗುರಿನಿಂದ ಚಿವುಟಿ ತೆಗೆದು, ಉಳಿದ ಹಸಿರನ್ನಷ್ಟೇ ಮೊರಕ್ಕೆ ಹಾಕುತ್ತಿದ್ದಳು. ಕೆಳಗಿನ ಗದ್ದೆಯಲ್ಲಿ ಬಿರುಕು ಬಿಟ್ಟ ನೆಲವನ್ನು ನೋಡಿಕೊಂಡು ಬಂದಿದ್ದ ನಾನು, ಈ ಸಲ ಹಬ್ಬವನ್ನು ಸಣ್ಣಕ್ಕೆ ಮಾಡಿ ಮುಗಿಸಬಾರದೇ ಎಂದು ಕೇಳಿಬಿಟ್ಟೆ. ಅವಳು ತಲೆಯೆತ್ತದೆಯೇ, “ಬಸುರಿ ಸೊರಗಿದಾಳೆ ಅಂತ ಬಯಕೆ ಊಟ ಬಿಡ್ತಾರೇನೋ?” ಎಂದಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ರಾತ್ರಿಯಿಡೀ ಒಲೆ ಆರಲಿಲ್ಲ. ಕೊಟ್ಟೆ ಕಡುಬು, ಅಮಟೆಕಾಯಿ ಹಾಕಿದ ಸೊಪ್ಪು, ಸೌತೆಕಾಯಿಯ ಸಿಹಿ ಕಡುಬು, ಬುತ್ತಿ ಎಲ್ಲವೂ ಆದವು. ಕೋಳಿ ಕೂಗುವ ಮೊದಲೇ ದೊಡ್ಡಪ್ಪ ಚಿಕ್ಕ ಬುಟ್ಟಿಯನ್ನು ಹೊತ್ತು ಹೊರಟ. ಹಿಂದೆ ದೊಂದಿ ಹಿಡಿಯುತ್ತಿದ್ದರಂತೆ, ಈಗ ಬ್ಯಾಟರಿ. ಅಂದಿನ ಬೆಳುದಿಂಗಳಿಗೆ ಅದೂ ಬೇಕಾಗಿರಲಿಲ್ಲ. ಬದುವಿನುದ್ದಕ್ಕೂ ಅಚ್ಚಂಬಲಿಯನ್ನು ಬೀರುತ್ತ ಅವನು ಕೂಗಿದ್ದನ್ನು ಮಲೆನಾಡಿನ ಬಹಳ ಮಂದಿ ಕೇಳಿರುತ್ತೀರಿ. ಸಾಲುಗಳು ಊರಿಂದೂರಿಗೆ ಒಂದಿಷ್ಟು ಬದಲಾಗುತ್ತವೆ. ಅಚ್ಚಂಬ್ಲಿ, ಹಾಲಂಬ್ಲಿ, ಬೇಲಿ ಮೇಲಿನ ದಾರಹೀರೆಕಾಯಿ, ಗುಡ್ಡದ ಮೇಲಿನ ನೂರೊಂದು ಕುಡಿ, ಭೂಮ್ತಾಯಿ ಉಂಡೋಗ್ಲಿ! ಈ ಕೂಗಿನಲ್ಲಿ ಬೇಡಿಕೆಯಿಲ್ಲ, ಮಳೆ ಕೊಡು ಎಂಬ ಮೊರೆಯಿಲ್ಲ, ಧನ್ಯವಾದ ಎಂಬ ಪದವೂ ಇಲ್ಲ. ಇರುವುದು ಉಣ್ಣಲು ಕರೆಯುವ ಮಾತೊಂದೇ. ನಮ್ಮ ಹಳ್ಳಿಗಳಲ್ಲಿ ಉಪಕಾರಕ್ಕೆ ಬಾಯಲ್ಲಿ ಹೇಳಿ ಮುಗಿಸುವ ರೂಢಿ ಕಡಿಮೆ. ಕರೆದು ಕೂರಿಸಿ ಬಡಿಸುವುದೇ ಅದರ ಭಾಷೆ.

ಬೆಳಗಾದ ಮೇಲೆ ಮನೆಮಂದಿಯೆಲ್ಲ ಗದ್ದೆಗೆ ಹೋದೆವು. ದೊಡ್ಡಮ್ಮ ತನ್ನ ಕೊರಳ ಸರವನ್ನು ತೆಗೆದು ನಾಲ್ಕೈದು ಪೈರನ್ನು ಒಟ್ಟುಗೂಡಿಸಿ ಕಟ್ಟಿದಳು. ತುಂಬಿದ ವರ್ಷದಲ್ಲಿ ಒಂದು ಬುಡದ ಪೈರೇ ಸರದ ಭಾರ ತಡೆಯುತ್ತದೆ. ಅಂದು ಎರಡು ಬುಡವನ್ನು ಸೇರಿಸಬೇಕಾಯಿತು. ಪೂಜೆಯಾದ ಮೇಲೆ ಕಾಗೆಗೊಂದು ಎಡೆ, ಇಲಿಗೊಂದು ಎಡೆ ಇಟ್ಟು, ಒಂದು ಕಡುಬನ್ನು ಗದ್ದೆಯ ಮೂಲೆಯಲ್ಲಿ ಹೂತರು. ಕೊಯ್ಲಿನ ದಿನ ಅದನ್ನು ತೆಗೆಯುವುದು ಕೆಲವು ಮನೆಗಳ ಪದ್ಧತಿ. ಬಳಿಕ ಬದುವಿನ ಮೇಲೇ ಊಟ. ಆ ರಾತ್ರಿ ಚಂದ್ರಗ್ರಹಣವಿತ್ತಾದ್ದರಿಂದ ಸಂಜೆಗೆ ಏನನ್ನೂ ಉಳಿಸಬಾರದೆಂದು ಎಲ್ಲರಿಗೂ ಒತ್ತಾಯ ಮಾಡಿ ಬಡಿಸಿದರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕಷ್ಟದ ವರ್ಷದಲ್ಲೂ ಜನ ಕೃತಜ್ಞರಾಗಿದ್ದಾರೆ ಎಂಬುದನ್ನು, ಅವರಿಗೆ ದೂರುಗಳೇ ಇಲ್ಲವೆಂದು ಓದಿಕೊಳ್ಳುವವರಿದ್ದಾರೆ. ಅದು ತಪ್ಪು. ಬದುವಿನ ಮೇಲೆ ಎಡೆಯಿಟ್ಟ ಅದೇ ದೊಡ್ಡಪ್ಪ ಮರುವಾರ ಪಹಣಿಯ ಪ್ರತಿ ಹಿಡಿದು ಬೆಳೆ ಪರಿಹಾರಕ್ಕಾಗಿ ಅಲೆದ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ ಎಂಬ ಲೆಕ್ಕವನ್ನು ಅವನು ಬೆರಳ ತುದಿಯಲ್ಲಿಟ್ಟುಕೊಂಡಿದ್ದ. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ, 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಪಡೆದದ್ದು ತಮಗೆಲ್ಲ ತಿಳಿದಿದೆ. ಭೂಮಿಯ ಋಣ ಬೇರೆ, ಸರ್ಕಾರದ ಹೊಣೆ ಬೇರೆ. ಇವೆರಡನ್ನು ಕಲಸುವ ಗೊಂದಲ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಡಿಸೆಂಬರಿನಲ್ಲಿ ಕೊಯ್ಲಿಗೆ ನಾನು ಮತ್ತೆ ಹೋಗಿದ್ದೆ. ಮೇಲಿನ ಗದ್ದೆಯಲ್ಲಿ ಜೊಳ್ಳೇ ಹೆಚ್ಚು. ಅದನ್ನು ದನಗಳಿಗೆ ಹುಲ್ಲಾಗಲೆಂದು ಕೊಯ್ದರು. ಕತ್ತಿ ಹಿಡಿಯುವ ಮೊದಲು ದೊಡ್ಡಪ್ಪ ಮೂಲೆಗೆ ಹೋಗಿ ಹೂತಿದ್ದ ಕಡುಬಿಗಾಗಿ ಮಣ್ಣು ಕೆದಕಿದ. ಅಲ್ಲಿ ಕೊಟ್ಟೆಯ ಎಲೆಯ ಚೂರು, ಪಕ್ಕದಲ್ಲಿ ಹೊಸದಾಗಿ ತೋಡಿದ ಬಿಲ. ಅವನು ಕೈ ಕೊಡವಿಕೊಂಡು ಎದ್ದು, “ಇಲಿಗಾರೂ ಹೊಟ್ಟೆ ತುಂಬ್ತಲ್ಲ” ಎಂದು ನಕ್ಕು, ಕತ್ತಿ ತೆಗೆದುಕೊಂಡ.