ಬೋರ್ಡ್ ಒಂದು, ಪಾರ್ಟ್ ಲಿಸ್ಟೂ ಒಂದೇ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಾವಿ ಅಂದ್ರೆ ಫೌಂಡ್ರಿ, ಹೈಡ್ರಾಲಿಕ್ಸ್, ಲೇತ್ ಕೆಲಸ ಅಂತ ಎಲ್ಲರಿಗೂ ಗೊತ್ತು. ಉದ್ಯಮಬಾಗದ ಮಷಿನ್ನಿಗಿರಲಿ, ಕಬ್ಬಿನ ಹೊಲದ ಪಂಪ್‌ಸೆಟ್ಟಿಗಿರಲಿ, ಈಗ ಒಂದು ಕಂಟ್ರೋಲ್ ಬೋರ್ಡ್ ಬೇಕೇ ಬೇಕು. ಅಂಥ ಬೋರ್ಡ್ ಮಾಡುವವರಿಗೆ, ಡಿಪ್ಲೊಮಾ ಓದುತ್ತಿರುವ ಹುಡುಗ ಹುಡುಗಿಯರಿಗೆ ಇವತ್ತಿನ ಮಾತು.

ಬೋರ್ಡಿಗೆ ಏನೇನು ಸಾಮಾನು ಬೇಕು ಅನ್ನುವ ಪಟ್ಟಿಯೇ ಬಿಲ್ ಆಫ್ ಮೆಟೀರಿಯಲ್ಸ್. ಕೆಲಸದ ಜಾಗದಲ್ಲಿ ಬಾಮ್ ಅನ್ನುತ್ತೇವೆ. ಸರ್ಕ್ಯೂಟ್ ಬಿಡಿಸಲು ವಾರಗಟ್ಟಲೆ ಕೂರುವವರು ಈ ಪಟ್ಟಿಯನ್ನು ಮಾತ್ರ ಕೊನೆ ಗಳಿಗೆಯಲ್ಲಿ ಬರೆಯುತ್ತಾರೆ. ಖರೀದಿ ನಡೆಯುವುದು ಮಾತ್ರ ಇದೇ ಪಟ್ಟಿಯ ಮೇಲೆ, ಅಲ್ವಾ?

ಪಂಪ್ ಸ್ಟಾರ್ಟರ್ ಬೋರ್ಡ್ ತಗೊಳ್ಳಿ. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸಬೇಕು, ಬೋರ್‌ವೆಲ್ ಒಣಗಿದರೂ ನಿಲ್ಲಿಸಬೇಕು. ಅದರಲ್ಲಿ ಆರ್ 7 ಅಂತ ಒಂದು ರೆಸಿಸ್ಟರ್. ಪಟ್ಟಿಯಲ್ಲಿ ಸುಮ್ನೆ ಅದರ ಬೆಲೆ 10 ಕಿಲೋ ಓಮ್, ಸೈಜಿನ ಕೋಡ್ 0603 ಅಂತ ಬರೆದರೆ ಸಾಕೇ? ಸಾಲದು. ಇಂಚಿನ ಲೆಕ್ಕದಲ್ಲಿ 0603 ಅಂದ್ರೆ 1.6 ಮಿಲಿಮೀಟರ್ ಉದ್ದ, 0.8 ಅಗಲ. ಮೆಟ್ರಿಕ್ ಲೆಕ್ಕದಲ್ಲಿ ಅದೇ 0603 ಅಂದ್ರೆ 0.6 ಉದ್ದ, 0.3 ಅಗಲ. ಬರೀ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ಕೈಯಲ್ಲಿ ಬೆಸುಗೆ ಹಾಕುವುದು ದೂರದ ಮಾತು. ಅದಕ್ಕೇ ಪ್ರತಿ ಸಾಲಿನಲ್ಲೂ ಕಂಪನಿಯ ಪೂರ್ತಿ ಪಾರ್ಟ್ ನಂಬರ್ ಇರಬೇಕು. ಸೈಜು, ವ್ಯಾಟ್, ಟಾಲರೆನ್ಸ್ ಎಲ್ಲ ಆ ನಂಬರಿನಿಂದಲೇ ಖಚಿತವಾಗುತ್ತದೆ.

ಇನ್ನೊಂದು ಕಾಟ ಎಕ್ಸೆಲ್‌ನದ್ದು. ಪಟ್ಟಿಯನ್ನು ಅಲ್ಪವಿರಾಮ ಹಾಕಿ ಬರೆದಿಟ್ಟ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ 0603 ಹೋಗಿ 603 ಆಗುತ್ತದೆ. ನಡುವೆ ಇಂಗ್ಲಿಷಿನ ಇ (E) ಅಕ್ಷರವಿದ್ದು ಉಳಿದದ್ದೆಲ್ಲ ಅಂಕಿಯಾಗಿರುವ ಪಾರ್ಟ್ ನಂಬರನ್ನು ಅದು ದೊಡ್ಡ ಸಂಖ್ಯೆ ಅಂತ ತಿಳಿದು ಬದಲಿಸಿಬಿಡುತ್ತದೆ. ಸೇವ್ ಮಾಡಿದಿರೋ, ಹಳೆಯದು ಹೋಯಿತು. ಹಾಗಾಗಿ ಇಂಪೋರ್ಟ್ ಮಾಡುವಾಗಲೇ ಆ ಕಾಲಮ್ಮುಗಳನ್ನು ಟೆಕ್ಸ್ಟ್ ಅಂತ ಗುರುತು ಮಾಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಾಮ್ ಪಟ್ಟಿಯನ್ನು ಯಾವತ್ತೂ ಕೈಯಿಂದ ತಿದ್ದಬೇಡಿ. ಸರ್ಕ್ಯೂಟ್, ಬೋರ್ಡ್ ಬಿಡಿಸಲು ಕೀಕ್ಯಾಡ್ (KiCad) ಅನ್ನುವ ಸಾಫ್ಟ್‌ವೇರ್ ಇದೆ. 1992ರಲ್ಲಿ ಶುರುವಾದದ್ದು, ಎಲ್ಲರಿಗೂ ಉಚಿತ. ಅದರ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಪ್ರಾಜೆಕ್ಟ್ ಫೈಲ್, ಸ್ಕೀಮ್ಯಾಟಿಕ್ ಅಂದ್ರೆ ಸರ್ಕ್ಯೂಟ್ ಚಿತ್ರದ ಫೈಲ್, ಬೋರ್ಡ್ ಫೈಲ್ ಬೇರೆ ಬೇರೆ ಇರುತ್ತವೆ. ಪಾರ್ಟ್ ನಂಬರ್ ಇರಬೇಕಾದ ಜಾಗ ಸ್ಕೀಮ್ಯಾಟಿಕ್. ಪ್ರತಿ ಪಾರ್ಟಿಗೂ ಅಲ್ಲಿ ಒಂದು ಫೀಲ್ಡ್ ಮಾಡಿ ತುಂಬಿಸಿ, ಪಟ್ಟಿಯನ್ನು ಅಲ್ಲಿಂದಲೇ ತೆಗೆಯಿರಿ. ಅಂಗಡಿಯವರು "ಈ ರಿಲೇ ಇಲ್ಲ ಸರ್, ಇನ್ನೊಂದು ಕೊಡ್ತೀನಿ" ಅಂದರೂ ಮೊದಲು ಸ್ಕೀಮ್ಯಾಟಿಕ್ ಬದಲಾಗಬೇಕು, ಆಮೇಲೆ ಹೊಸ ಪಟ್ಟಿ. ಪಟ್ಟಿಯಲ್ಲಷ್ಟೇ ತಿದ್ದಿದರೆ ಮುಂದಿನ ಸಲ ತೆಗೆದಾಗ ಹಳೇ ರಿಲೇಯೇ ವಾಪಸ್ ಬರುತ್ತದೆ. ಬದಲಿ ಪಾರ್ಟಿಗೆ ಇನ್ನೊಂದು ಫೀಲ್ಡ್ ಇಟ್ಟರೆ ಒಳ್ಳೆಯದು. 2021ರಲ್ಲಿ ಚಿಪ್ ಸಿಗದೆ ಜಗತ್ತೆಲ್ಲ ಪರದಾಡಿದ್ದು ನೆನಪಿದೆಯಲ್ಲ?

ನೀವೇ ಮಾಡಿದ ಲೈಬ್ರರಿಗಳೂ, ಅಂದ್ರೆ ಪಾರ್ಟುಗಳ ಚಿಹ್ನೆ, ಅಳತೆಗಳ ಸಂಗ್ರಹವೂ, ಪ್ರಾಜೆಕ್ಟ್ ಫೋಲ್ಡರಿನ ಒಳಗೇ ಇರಲಿ. ಡಿ ಡ್ರೈವಿನ ಯಾವುದೋ ಮೂಲೆಯಲ್ಲಿಟ್ಟು, ಫೋಲ್ಡರನ್ನಷ್ಟೇ ಪೆನ್‌ಡ್ರೈವಿನಲ್ಲಿ ಕೊಟ್ಟರೆ, ಬೇರೆ ಕಂಪ್ಯೂಟರಿನಲ್ಲಿ ಲೈಬ್ರರಿ ಸಿಗುವುದಿಲ್ಲ.

ಆರ್ಡರ್ ಕೊಟ್ಟ ದಿನ ಇನ್ನೊಂದು ಕೆಲಸ ಇದೆ. ಇದನ್ನು ಬಹಳ ಜನ ಬಿಡುತ್ತಾರೆ, ನನಗೆ ಇದೇ ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಅನಿಸುತ್ತದೆ. ಬೋರ್ಡ್ ತಯಾರಿಸುವವರಿಗೆ ಕೊಡುವ ಗರ್ಬರ್ ಫೈಲುಗಳು, ಕಳಿಸಿದ ಬಾಮ್, ಸ್ಕೀಮ್ಯಾಟಿಕ್‌ನ ಪಿಡಿಎಫ್, ಇಷ್ಟನ್ನೂ ತಾರೀಖು, ವರ್ಷನ್ ನಂಬರ್ ಹಾಕಿದ ಒಂದು ಫೋಲ್ಡರಿಗೆ ಕಾಪಿ ಮಾಡಿ. ರೀಡ್ ಓನ್ಲಿ ಮಾಡಿ. ಮತ್ತೆ ಅದನ್ನು ಮುಟ್ಟಬೇಡಿ, ಬೇರೆ ಡಿಸ್ಕಿನಲ್ಲೂ ಒಂದು ಕಾಪಿ ಇರಲಿ. ಫೈಲುಗಳ ಬದಲಾವಣೆ ದಾಖಲಿಸುವ ಗಿಟ್ ಬಳಸುವವರು ಅಲ್ಲೊಂದು ಟ್ಯಾಗ್, ಅಂದ್ರೆ ಗುರುತು, ಹಾಕಿದರಾಯಿತು. ಅದೇ ವರ್ಷನ್ ನಂಬರ್ ಬೋರ್ಡಿನ ಮೇಲೂ ಪ್ರಿಂಟ್ ಆಗಿರಬೇಕು.

ಆಗ ಮೂರು ವರ್ಷ ಬಿಟ್ಟು ಗೋಕಾಕದಿಂದಲೋ ಅಥಣಿಯಿಂದಲೋ ಬೋರ್ಡ್ ರಿಪೇರಿಗೆ ಬಂದರೂ, ಅದರ ಮೇಲೆ 1.2 ಅಂತ ಓದಿ, ಅದೇ ಫೋಲ್ಡರ್ ತೆರೆದು, ಹಾಕಬೇಕಾದ ರಿಲೇಯ ನಂಬರನ್ನು ನಿಮ್ಮ ಹುಡುಗರು ನಿಮ್ಮನ್ನು ಕೇಳದೆಯೇ ಅಂಗಡಿಗೆ ಹೇಳಬಹುದು.

ನಮಸ್ಕಾರ.