ಯೂರೋಗಿಂತ ಹಳೆಯ ಕಪ್ ಒಂದಿತ್ತು

ಫುಟ್‌ಬಾಲ್‌ನ ಯೂರೋ ಕಪ್ ಶುರುವಾದದ್ದು ಯಾವಾಗ ಅಂತ ಯಾರನ್ನೇ ಕೇಳಿ, 1960 ಅಂತಾರೆ. ತಪ್ಪೇನಿಲ್ಲ. ಆದರೆ ಅದಕ್ಕೂ 33 ವರ್ಷ ಮೊದಲೇ ಯುರೋಪಿನ ಐದು ದೇಶಗಳು ಒಂದು ಕಪ್‌ಗಾಗಿ ಜಿದ್ದಿಗೆ ಬಿದ್ದಿದ್ದವು. ಸೆಂಟ್ರಲ್ ಯುರೋಪಿಯನ್ ಇಂಟರ್‌ನ್ಯಾಷನಲ್ ಕಪ್. ಹೆಸರೇ ಕೇಳಿಲ್ಲ ಅಲ್ವಾ? ನನ್ನ ತಕರಾರು ಅದೇ. (ಬ್ರಿಟನ್ನಿನವರು 1884ರಿಂದಲೇ ಆಡುತ್ತಿದ್ದರು ಅನ್ನಬೇಡಿ. ಅದು ಇಂಗ್ಲೆಂಡ್, ಸ್ಕಾಟ್ಲೆಂಡ್‌ನಂಥ ಅಣ್ಣತಮ್ಮಂದಿರ ಆಟ, ಬಿಡಿ.)

ಇದನ್ನು ಹುಟ್ಟುಹಾಕಿದ್ದು ವಿಯೆನ್ನಾದ ಹ್ಯೂಗೊ ಮೈಸ್ಲ್, ಆಸ್ಟ್ರಿಯಾ ತಂಡದ ಕೋಚ್. ಆಸ್ಟ್ರಿಯಾ, ಹಂಗೇರಿ, ಜೆಕೊಸ್ಲೊವಾಕಿಯಾದಲ್ಲಿ ಆಟಗಾರರು ಆಗಲೇ ಸಂಬಳಕ್ಕೆ ಆಡುತ್ತಿದ್ದರು. ಸಂಬಳದವರಿಗೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತ್ತು, ವಿಶ್ವಕಪ್ ಇನ್ನೂ ಹುಟ್ಟಿರಲಿಲ್ಲ. ಹಾಗಾದರೆ ಒಳ್ಳೆಯ ಆಟಗಾರರು ಆಡುವುದೆಲ್ಲಿ? ಮೈಸ್ಲ್ ಇಟಲಿ, ಸ್ವಿಟ್ಜರ್ಲೆಂಡನ್ನೂ ಸೇರಿಸಿಕೊಂಡರು. ಎಲ್ಲರೂ ಎಲ್ಲರ ಜೊತೆ, ಊರಲ್ಲೊಂದು, ಹೊರಗೊಂದು ಪಂದ್ಯ. ಗೆದ್ದರೆ 2 ಪಾಯಿಂಟ್, ಡ್ರಾ ಆದರೆ 1. ಫೈನಲ್ ಅನ್ನೋದೇ ಇಲ್ಲ.

ಫೈನಲ್ ಇಲ್ಲದೆ ಮಜಾ ಎಲ್ಲಿ ಅಂತೀರಾ? ಕೇಳಿ. 1927ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು 1930ರ ಮೇ 11ಕ್ಕೆ ಕೊನೆಯ ಪಂದ್ಯಕ್ಕೆ ಬಂತು. ಬುಡಾಪೆಸ್ಟ್. ಹಂಗೇರಿಗೆ 9 ಪಾಯಿಂಟ್, ಎದುರಿಗಿದ್ದ ಇಟಲಿಗೂ 9. ಆಟ ಮುಗಿಸಿ ಕೂತಿದ್ದ ಆಸ್ಟ್ರಿಯಾಕ್ಕೆ 10, ಜೆಕೊಸ್ಲೊವಾಕಿಯಾಕ್ಕೂ 10. ಡ್ರಾ ಆಗಿದ್ದರೆ ನಾಲ್ಕೂ ತಂಡ ಹತ್ತತ್ತು! ಎರಡೂವರೆ ವರ್ಷ ಆಡಿ ಇಂಥ ಗಂಟು. ಅದನ್ನು ಬಿಡಿಸಿದ್ದು 19ರ ಹುಡುಗ ಜುಸೆಪ್ಪೆ ಮೆಯಾಟ್ಸಾ. ಮೂರು ಗೋಲು. ಇಟಲಿ 5-0. ಮಿಲಾನ್‌ನ ಸ್ಯಾನ್ ಸಿರೊ ಸ್ಟೇಡಿಯಂಗೆ ಈಗ ಇವನದೇ ಹೆಸರು.

ಸ್ವಿಟ್ಜರ್ಲೆಂಡ್? 8 ಆಡಿ 8 ಸೋತಿತು. ಆದರೂ ಮುಂದಿನ ಸಲ ಮತ್ತೆ ಬಂತು, ಪಾಪ!

1960ರ ಯೂರೋ ನೋಡಿ. ಅರ್ಹತಾ ಸುತ್ತು ಬಿಟ್ಟರೆ ಫ್ರಾನ್ಸ್‌ನಲ್ಲಿ ನಾಲ್ಕು ತಂಡ, ನಾಲ್ಕು ಪಂದ್ಯ, ಐದು ದಿನ. ಅದಕ್ಕೆ ಇತಿಹಾಸದಲ್ಲಿ ಮೊದಲ ಪುಟ. 2018ರಲ್ಲಿ ಯುರೋಪಿನ ದೇಶಗಳ ತಂಡಗಳಿಗೆ ನೇಷನ್ಸ್ ಲೀಗ್ ಬಂದಾಗ ದೇಶಗಳ ನಡುವೆ ಲೀಗ್ ಅನ್ನುವುದೇ ಹೊಸದು ಅನ್ನೋ ಹಾಗೆ ಮಾತಾಡಿದರು. ಸುಮ್ನೆ ಇರಿ, ಮೈಸ್ಲ್ ಅದನ್ನು ಯಾವತ್ತೋ ಮಾಡಿ ತೋರಿಸಿದ್ದರು. ನಾಕೌಟ್‌ನಲ್ಲಿ ಒಂದು ಕೆಟ್ಟ ದಿನ ಸಾಕು, ಮನೆಗೆ. ಇಲ್ಲಿ ಎದುರಾಳಿಯ ಊರಿಗೂ ಹೋಗಿ ಗೆಲ್ಲಬೇಕು. ನನ್ನ ಮಟ್ಟಿಗೆ ಇದೇ ಜಾಸ್ತಿ ನ್ಯಾಯದ ಆಟ.

ಹಾಂ, ಉದ್ದದ ಲೀಗ್‌ಗೆ ಒಂದು ಅಪಾಯವಂತೂ ಇತ್ತು. ನಾಲ್ಕನೇ ಸಲದ್ದು 1936ರಲ್ಲಿ ಶುರುವಾಯಿತು. ಇನ್ನೂ ಪಂದ್ಯಗಳು ಬಾಕಿ ಇದ್ದವು. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಆಡಲು ಆಸ್ಟ್ರಿಯಾ ಅನ್ನೋ ತಂಡವೇ ಉಳಿಯಲಿಲ್ಲ. ಆ ಸಲ ಕಪ್ ಯಾರಿಗೂ ಸಿಗಲಿಲ್ಲ.