ಹುಲಿಗೆ ವಂಶವೃಕ್ಷ ಬರೆದಿಟ್ಟವರು ಯಾರು?

ಕೇಳುಗರಿಗೆ ನಮಸ್ಕಾರ. ಸಂಬಂಧದೊಳಗಿನ ಕೂಟದ ಗುರುತನ್ನು ಡಿಎನ್‌ಎಯಲ್ಲೇ ಓದುವುದು ಹೇಗೆ ಅನ್ನುವುದು ಇವತ್ತಿನ ಮಾತು. ಹುಲಿಗೆ ಹೋಗುವ ಮೊದಲು ನಮ್ಮ ಮನೆಗಳಿಂದಲೇ ಶುರುಮಾಡೋಣ.

ನಮ್ಮ ಕಡೆ ಅಕ್ಕನ ಮಗಳನ್ನೇ ತಮ್ಮನಿಗೆ ತಂದುಕೊಳ್ಳುವುದು ಹೊಸದೇನಲ್ಲ. ಸೋದರತ್ತೆ ಮಗ, ಸೋದರಮಾವನ ಮಗಳು, ಇವೂ ಕೇಳಿ ತರುವ ಸಂಬಂಧಗಳೇ. "ಗೊತ್ತಿರೋ ಮನೆ, ಆಸ್ತಿನೂ ಹೊರಗೆ ಹೋಗಲ್ಲ" ಅಂತ ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಮಕ್ಕಳ ತಂದೆತಾಯಿಯರನ್ನು ವಿಚಾರಿಸಿ ಲೆಕ್ಕ ತೆಗೆದಿದ್ದರು. ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ಸಂಬಂಧದಲ್ಲೇ ಆಗಿತ್ತು.

ಇಂಥ ಮದುವೆಯಲ್ಲಿ ಹುಟ್ಟಿದ ಮಗುವಿನ ಡಿಎನ್‌ಎ ಒಳಗೆ ಏನು ಕಾಣುತ್ತದೆ? ಹೆಚ್ಚುಕಡಿಮೆ ಎಲ್ಲ ಜೀನ್‌ಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತದೆ. ಒಂದು ಅಪ್ಪನಿಂದ ಬಂದದ್ದು, ಒಂದು ಅಮ್ಮನಿಂದ. ಅಪ್ಪ ಅಮ್ಮ ಇಬ್ಬರಿಗೂ ಒಬ್ಬನೇ ತಾತ ಇದ್ದರೆ, ಆ ತಾತನ ಡಿಎನ್‌ಎಯ ಒಂದೇ ತುಂಡು ಎರಡೂ ಕಡೆಯಿಂದ ಮಗುವಿಗೆ ಬರಬಹುದು. ಆ ಜಾಗದಲ್ಲಿ ಎರಡು ಪ್ರತಿಗೂ ವ್ಯತ್ಯಾಸವೇ ಇರುವುದಿಲ್ಲ. ಡಿಎನ್‌ಎಯನ್ನು ಒಂದು ಉದ್ದದ ಬರಹ ಅಂದುಕೊಂಡರೆ, ಲಕ್ಷಗಟ್ಟಲೆ ಅಕ್ಷರ ಒಂದೇ ಸಮ ಹೊಂದುತ್ತಾ ಹೋಗುತ್ತವೆ. ಈ ಸಾಲುಗಳಿಗೆ ವಿಜ್ಞಾನಿಗಳು ರನ್ಸ್ ಆಫ್ ಹೋಮೋಜೈಗಾಸಿಟಿ ಅನ್ನುತ್ತಾರೆ. ನಾವು ಜೋಡಿ ಸಾಲು ಅಂದುಕೊಳ್ಳೋಣ.

ವಂಶವೃಕ್ಷ ನೋಡಿಯೂ ಲೆಕ್ಕ ಹಾಕಬಹುದಲ್ವಾ? ಹಾಕಬಹುದು. ಅತ್ತೆ ಮಗ, ಮಾವನ ಮಗಳು ಮದುವೆಯಾದರೆ ಮಗುವಿನ ಡಿಎನ್‌ಎಯಲ್ಲಿ ಶೇ. 6.25 ಭಾಗ ಹೀಗೆ ಜೋಡಿಯಾಗಿರಬೇಕು. ಸೋದರಮಾವನನ್ನೇ ಮದುವೆಯಾದರೆ ಶೇ. 12.5. ಆದರೆ ಇದು ಬರೀ ಸರಾಸರಿ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಶೇ. 4, ಇನ್ನೊಬ್ಬರಿಗೆ ಶೇ. 9 ಬರಬಹುದು. ಅಜ್ಜ ಅಜ್ಜಿಯರೂ ಸಂಬಂಧಿಕರೇ ಆಗಿದ್ದರೆ ಲೆಕ್ಕ ಇನ್ನೂ ಮೇಲೇರುತ್ತದೆ. ಅದು ಯಾರ ಕಾಗದದಲ್ಲೂ ಇರುವುದಿಲ್ಲ, ಡಿಎನ್‌ಎಯಲ್ಲಿ ಇರುತ್ತದೆ.

ಇನ್ನೂ ಒಂದು ವಿಷಯ ಇದೆ. ಸಾಲಿನ ಉದ್ದ ನೋಡಿದರೆ ಕಾಲವೂ ತಿಳಿಯುತ್ತದೆ. ಹೊಸ ಇಸ್ಪೀಟು ಕಟ್ಟನ್ನು ಒಂದು ಸಲ ಕಲಸಿದರೆ ಎಲೆಗಳ ಉದ್ದುದ್ದ ಸಾಲು ಹಾಗೇ ಉಳಿದಿರುತ್ತದೆ. ಹತ್ತಾರು ಸಲ ಕಲಸಿದರೆ ತುಂಡುತುಂಡು. ಡಿಎನ್‌ಎ ಕೂಡ ಪ್ರತಿ ತಲೆಮಾರಿನಲ್ಲೂ ಕಲಸುತ್ತದೆ. ಸೋದರಿಕೆಯ ಮದುವೆಯಲ್ಲಿ ಹುಟ್ಟಿದ ಮಗುವಿನಲ್ಲಿ ಒಂದೊಂದು ಸಾಲು ಸರಾಸರಿ ಒಂದೂವರೆ ಕೋಟಿ ಅಕ್ಷರಕ್ಕಿಂತ ಉದ್ದ ಇರುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ಸೇರಿದ ಪೂರ್ವಜ ಐವತ್ತು ತಲೆಮಾರು ಹಿಂದಿನವನಾದರೆ ಅದು ಹತ್ತು ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಸಣ್ಣ ಸಾಲುಗಳು ನಮ್ಮೆಲ್ಲರಲ್ಲೂ ಇವೆ. ಬೇರೆ ಊರಿಂದ ಹೆಣ್ಣು ತಂದವರು ಬೀಗುವ ಹಾಗಿಲ್ಲ.

ಜೋಡಿ ಸಾಲು ಅಂದರೆ ಕಾಯಿಲೆ ಅಂತ ಅಲ್ಲ. ಕೆಟ್ಟ ಜೀನ್ ಒಂದು ಆ ಸಾಲಿನೊಳಗೆ ಬಿದ್ದಿದ್ದರೆ ಮಾತ್ರ ತೊಂದರೆ, ಯಾಕಂದರೆ ಕಾಪಾಡಲು ಒಳ್ಳೆಯ ಪ್ರತಿ ಇನ್ನೊಂದು ಕಡೆ ಇರುವುದಿಲ್ಲ. ವೈದ್ಯರು ಇದನ್ನೇ ಉಪಯೋಗಕ್ಕೂ ತಂದುಕೊಂಡಿದ್ದಾರೆ. ಮಗುವಿಗೆ ಅಪರೂಪದ ಕಾಯಿಲೆ, ತಂದೆತಾಯಿ ಸಂಬಂಧಿಕರು ಅಂದಾಗ ಇಡೀ ಮುನ್ನೂರು ಕೋಟಿ ಅಕ್ಷರ ಹುಡುಕುವ ಬದಲು ಮೊದಲು ಉದ್ದದ ಸಾಲುಗಳೊಳಗೆ ಹುಡುಕುತ್ತಾರೆ.

ಮನುಷ್ಯರಾದರೆ ಅಜ್ಜಿಯನ್ನು ಕೇಳಬಹುದು. ಹುಲಿಯನ್ನು ಏನಂತ ಕೇಳೋದು? ಈ ವಿಧಾನಕ್ಕೆ ನಿಜವಾದ ಬೆಲೆ ಬರುವುದು ಅಲ್ಲೇ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ಅನುಭಬ್ ಖಾನ್ ಮತ್ತು ಸಂಗಡಿಗರು 57 ಹುಲಿಗಳ ಪೂರ್ತಿ ಡಿಎನ್‌ಎ ಓದಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ರಾಜಸ್ಥಾನದ ರಣಥಂಬೋರ್ ಕಾಡು ಸುತ್ತ ಹೊಲ, ಊರು, ರಸ್ತೆಗಳ ನಡುವೆ ಸಿಕ್ಕಿಬಿದ್ದಿದೆ. ಹೊರಗಿನ ಹುಲಿ ಅಲ್ಲಿಗೆ ಬರುವುದು ಕಷ್ಟ. ಅಲ್ಲಿನ ಹುಲಿಗಳಲ್ಲಿ ಸರಾಸರಿ ಶೇ. 57 ಭಾಗ ಡಿಎನ್‌ಎ ಜೋಡಿ ಸಾಲಾಗಿತ್ತು! ಒಂದಕ್ಕೊಂದು ಸೇರಿಕೊಂಡಿರುವ ದೊಡ್ಡ ಕಾಡುಗಳ ಎರಡು ಗುಂಪುಗಳಲ್ಲಿ ಇದು ಶೇ. 35 ಮತ್ತು ಶೇ. 46.

ಇಲ್ಲೊಂದು ತಿರುವು ಇದೆ, ನನಗಂತೂ ಇದೇ ತುಂಬ ಸ್ವಾರಸ್ಯ ಅನ್ನಿಸಿದ್ದು. ಜೀನ್ ಕೆಲಸವನ್ನೇ ನಿಲ್ಲಿಸಿಬಿಡುವಂಥ ಭಾರಿ ದೋಷಗಳು ರಣಥಂಬೋರ್ ಹುಲಿಗಳಲ್ಲೇ ಕಡಿಮೆ ಇದ್ದವು. ಒಳಗೊಳಗೇ ಕೂಡಿದಾಗ ಅಂಥ ದೋಷ ಜೋಡಿಯಾಗಿ ಹೊರಬೀಳುತ್ತದೆ. ಅದನ್ನು ಹೊತ್ತ ಮರಿ ಉಳಿಯುವುದಿಲ್ಲ, ಉಳಿದರೂ ಅದರ ಸಂತಾನ ಬೆಳೆಯುವುದಿಲ್ಲ. ಹೀಗೆ ದೋಷವೂ ತೊಳೆದುಹೋಗುತ್ತದೆ. ಹಾಗಂತ ಸುಮ್ನೆ ಖುಷಿಪಡುವ ಹಾಗಿಲ್ಲ. ತೊಳೆದು ಹೋಗದೆ ಉಳಿದ ದೋಷಗಳು ಅಲ್ಲಿ ಜಾಸ್ತಿ ಹುಲಿಗಳಲ್ಲಿ, ಅದೂ ಜೋಡಿಯಾಗಿಯೇ ಕೂತಿವೆ. ಒಟ್ಟು ಲೆಕ್ಕದಲ್ಲಿ ಹೆಚ್ಚು ಅಪಾಯ ಅವಕ್ಕೇ.

ಒಡಿಶಾದ ಸಿಮಿಲಿಪಾಲದಲ್ಲಿ ಇಂಥ ಒಳಕೂಟ ಕಣ್ಣಿಗೇ ಕಾಣುತ್ತದೆ. ಅಲ್ಲಿ ಕ್ಯಾಮೆರಾಕ್ಕೆ ಸಿಕ್ಕ ಹುಲಿಗಳಲ್ಲಿ ಶೇ. 37ರಷ್ಟು ಕಪ್ಪು. ಪಟ್ಟೆಗಳು ಅಗಲವಾಗಿ ಒಂದರೊಳಗೊಂದು ಕೂಡಿಕೊಂಡಿವೆ. ಟ್ಯಾಕ್‌ಪೆಪ್ ಅನ್ನುವ ಜೀನ್‌ನ ಬದಲಾದ ಪ್ರತಿ ಎರಡೂ ಕಡೆಯಿಂದ ಬಂದರೆ ಮಾತ್ರ ಈ ಬಣ್ಣ. ಬೇರೆ ಕಾಡಿನಲ್ಲಿ ಇಂಥ ಹುಲಿ ಕಂಡದ್ದಿಲ್ಲ. ಪ್ರವಾಸಿಗರಿಗೆ ಅದು ಸೊಬಗು, ವಿಜ್ಞಾನಿಗಳಿಗೆ ಎಚ್ಚರಿಕೆ.

ಮದ್ದು ಇದೆ. ಬೇರೆ ಕಡೆಯಿಂದ ಹೆಣ್ಣು ಹುಲಿ ತಂದು ಬಿಟ್ಟರೆ ಅದರ ಮರಿಗಳಲ್ಲಿ ಉದ್ದದ ಸಾಲುಗಳು ಒಂದೇ ತಲೆಮಾರಿಗೆ ಮುರಿಯುತ್ತವೆ. ಆದರೆ ಆ ಮರಿಗಳು ತಮ್ಮತಮ್ಮಲ್ಲೇ ಕೂಡಿದರೆ ಸಾಲು ಮತ್ತೆ ಹುಟ್ಟುತ್ತದೆ. ಹಾಗಾಗಿ ಒಂದೆರಡು ಹುಲಿ ಸಾಲದು. 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ಸಿಮಿಲಿಪಾಲಕ್ಕೆ ತಂದರು. ಜೀನತ್‌ಗೆ ಹೊಸ ಮನೆ ಹಿಡಿಸಲಿಲ್ಲ. ಡಿಸೆಂಬರ್‌ನಲ್ಲಿ ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳಕ್ಕೇ ನಡೆದುಬಿಟ್ಟಿತು. ಬಾಂಕುರಾದಲ್ಲಿ ಅರಿವಳಿಕೆ ಕೊಟ್ಟು ಹಿಡಿದು, ಮತ್ತೆ ಸಿಮಿಲಿಪಾಲಕ್ಕೆ ಕರೆತಂದರು.

ನಮಸ್ಕಾರ.